ಹೂವಿನ ಜಾಗದಲ್ಲಿ ಟೀವಿಯ ಮೇಜು

ಖತೀಫ್

ಕಳೆದ ಡಿಸೆಂಬರ್‌ನ ಎರಡನೆಯ ಶುಕ್ರವಾರ ಬೆಳಿಗ್ಗೆ ನಾನು ಸೌದಿಯ ದಮ್ಮಾಮ್ ವಿಮಾನ ನಿಲ್ದಾಣದಲ್ಲಿ ಇಳಿದೆ. ಆ ಹೊತ್ತಿಗೆ ಮೂವತ್ತಾರು ಪದ್ಯಗಳ ಒಂದು ಸರಪಳಿ ಮೂವತ್ತೈದನೆಯದರಲ್ಲಿ ನಿಂತು ಒಂದು ತಿಂಗಳಾಗಿತ್ತು. ಕೊನೆಯ ಎರಡು ಸಾಲು ಹೇಳಬೇಕಾಗಿದ್ದವರು ಯಾನ್ಬುವಿನ ಇಸ್ಮಾಯಿಲ್. ಅವರು ಗೆಳೆಯರ ಫೋನ್ ಎತ್ತುತ್ತಿರಲಿಲ್ಲ. ಮುಂದಿನ ವಾರ ಅವರು ಸೌದಿ ಬಿಟ್ಟು ಮೂಲ್ಕಿಗೆ ಮರಳುವವರಿದ್ದರು. ಈ ಸಲ ರಜೆಗಲ್ಲ. ಅಷ್ಟರೊಳಗೆ ಸರಪಳಿ ಯಾಕೆ ನಿಂತಿತೆಂದು ಕೇಳಿ ತಿಳಿಯಲು ನಾನು ಹೊರಟಿದ್ದೆ.

ಸರಪಳಿ ಕಟ್ಟುತ್ತಿದ್ದವರು ಮೂವರು. ಇಸ್ಮಾಯಿಲ್ ಯಾನ್ಬುವಿನ ಸ್ಥಾವರವೊಂದರಲ್ಲಿ ಕೆಲಸಕ್ಕಿದ್ದವರು. ಭಟ್ಕಳದ ಶಫಿಗೆ ಖತೀಫ್‌ನಲ್ಲಿ ದಿನಸಿ ಅಂಗಡಿ. ಕುಂದಾಪುರದ ಕಡೆಯ ವಸಂತ ಅಲ್ ಖರ್ಜ್‌ನ ಒಂದು ಡೇರಿಯ ಆಫೀಸಿನಲ್ಲಿದ್ದಾರೆ. ಒಂದು ಕಾಲದಲ್ಲಿ ಮೂವರೂ ಖತೀಫ್‌ನ ಒಂದೇ ಕೋಣೆಯಲ್ಲಿದ್ದವರು. ಕೆಲಸ ಅವರನ್ನು ಪೂರ್ವದ ಸಮುದ್ರದಿಂದ ಪಶ್ಚಿಮದ ಸಮುದ್ರದವರೆಗೆ ಚದುರಿಸಿದ ಮೇಲೆ ಫೋನಿನಲ್ಲಿ ಪದ್ಯ ಕಳಿಸಿಕೊಳ್ಳುತ್ತಿದ್ದರು. ಬರೆದಲ್ಲ, ದನಿಯಲ್ಲಿ. ಒಬ್ಬರು ಮೂರು ಸಾಲು, ಇನ್ನೊಬ್ಬರು ಎರಡು ಸಾಲು. ಅವೆಲ್ಲ ವಸಂತರಿಗೆ ಹೋಗುತ್ತಿದ್ದವು, ಅವರು ಸೇರಿಸಿ ಒಂದೇ ಧ್ವನಿಮುದ್ರಿಕೆ ಮಾಡಿ ಎಲ್ಲರಿಗೂ ಕಳಿಸುತ್ತಿದ್ದರು. ಇಸ್ಮಾಯಿಲ್ ಹೊರಡುವ ಮುನ್ನ ಅದು ಮುಗಿಯಬೇಕು, ಕೊನೆಯ ಪದ್ಯವನ್ನು ಹೊರಡುವವರೇ ಹೇಳಬೇಕು ಎಂದು ಒಪ್ಪಂದವಾಗಿತ್ತು.

ನನ್ನ ಪಾಲು ಇಷ್ಟು. ನಾನು ಮಂಗಳೂರಿನ ಪತ್ರಿಕೆಯೊಂದರ ಭಾನುವಾರದ ಪುಟ ನೋಡಿಕೊಳ್ಳುತ್ತೇನೆ. ಪುಟ ಕಟ್ಟುವಾಗ ಕಾಲಮ್ಮಿನ ತಳದಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದರೆ ಮೂರು ಸಾಲಿನ ಪದ್ಯವೊಂದನ್ನು ಹಾಕಿ ಮುಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಓದುಗರು ಅಂಥವನ್ನು ಧಾರಾಳವಾಗಿ ಕಳಿಸುತ್ತಾರೆ. ಅತ್ತೆ, ಚುನಾವಣೆ, ಪೆಟ್ರೋಲ್, ಪ್ರೇಮಭಂಗ, ವಿಷಯ ಯಾವುದಿದ್ದರೂ ಮೇಲೆ 'ಹಾಯ್ಕು' ಎಂದು ಬರೆದಿರುತ್ತಾರೆ. ಮೂರು ಸಾಲು ಇದ್ದದ್ದೆಲ್ಲ ಹಾಯ್ಕು ಅಲ್ಲ ಎಂದು ನಾನೊಮ್ಮೆ ಒಂದು ಚಿಕ್ಕ ಟಿಪ್ಪಣಿ ಹಾಕಿದ್ದೆ. ಅದನ್ನು ಅಂತರ್ಜಾಲದಲ್ಲಿ ಓದಿ ಖತೀಫ್‌ನಿಂದ ಫೋನ್ ಮಾಡಿದವರು ಶಫಿ.

"ಹಾಗಾದರೆ ಉಳಿದದ್ದಕ್ಕೆ ಎಂತ ಹೆಸರು ಮೇಡಂ?" ಎಂದು ಅವರು ಕೇಳಿದ್ದರು.

ಅಂದು ಮೂವರನ್ನೂ ಫೋನಿನಲ್ಲಿ ಕೂಡಿಸಿಕೊಂಡು ಹೇಳಿದ್ದನ್ನು ಇಲ್ಲಿ ಚಿಕ್ಕದು ಮಾಡಿ ಹೇಳುತ್ತೇನೆ. ಜಪಾನಿನಲ್ಲಿ ಹಳೆಯದು ತಂಕಾ. ಅದಕ್ಕೆ ಐದು ಸಾಲು. ಧ್ವನಿಯ ಎಣಿಕೆ ಐದು, ಏಳು, ಐದು, ಏಳು, ಏಳು. ಬಹುಮಟ್ಟಿಗೆ ಮೊದಲ ಮೂರು ಸಾಲುಗಳಲ್ಲಿ ಕಣ್ಣು ಕಂಡದ್ದು, ಕೊನೆಯ ಎರಡರಲ್ಲಿ ಅದಕ್ಕೆ ಮನಸ್ಸು ಹೇಳಿದ್ದು. ಮೂರು ಸಾಲನ್ನು ಒಬ್ಬರು ಹೇಳಿ ಎರಡನ್ನು ಇನ್ನೊಬ್ಬರಿಗೆ ಬಿಟ್ಟಾಗ ಅದು ಇಬ್ಬರ ಪದ್ಯವಾಯಿತು. ಆ ಎರಡಕ್ಕೆ ಮತ್ತೊಬ್ಬರು ಮೂರು ಸೇರಿಸಿದರು, ಅದಕ್ಕೆ ಇನ್ನೊಬ್ಬರು ಎರಡು. ಇದು ರೆಂಗಾ, ಅಂದರೆ ಸರಪಳಿ. ಅದರಲ್ಲಿ ಪ್ರತಿ ಪದ್ಯವೂ ತನ್ನ ಹಿಂದಿನದಕ್ಕೆ ಮಾತ್ರ ಉತ್ತರ ಕೊಡಬೇಕು. ಸರಪಳಿಯ ತಲೆಪದ್ಯ ಕಾಲಾಂತರದಲ್ಲಿ ಕಳಚಿಕೊಂಡು ಒಂಟಿಯಾಗಿ ನಿಂತಿತು. ಅದೇ ಹಾಯ್ಕು. ಅದರಲ್ಲಿ ಋತುವಿನ ಗುರುತು ಇರುತ್ತದೆ, ನಡುವೆ ಒಂದು ನಿಲುಗಡೆ ಇರುತ್ತದೆ, ಕವಿ ತನ್ನ ತೀರ್ಪು ಹೇಳುವುದಿಲ್ಲ. ಅದೇ ಅಳತೆಯಲ್ಲಿ, ಋತುವಿನ ಹಂಗಿಲ್ಲದೆ, ಮನುಷ್ಯರ ಠೀವಿಯನ್ನೂ ಸುಳ್ಳನ್ನೂ ನೋಡಿ ನಗುವುದು ಸೆನ್ರಿಯು. ನಮ್ಮ ಪತ್ರಿಕೆಗೆ ಬರುವ ಹಾಯ್ಕುಗಳಲ್ಲಿ ಬಹುಪಾಲು ಸೆನ್ರಿಯು.

ಇನ್ನೊಂದು ಮಾತನ್ನೂ ಹೇಳಿದ್ದೆ. ಮೂವತ್ತಾರರ ಸರಪಳಿಯಲ್ಲಿ ಮೂವತ್ತೈದನೆಯದು ಹೂವಿನ ಜಾಗ. ಅಲ್ಲಿ ಹೂವೇ ಬರಬೇಕು. ಮೂವತ್ತಾರನೆಯದು ವಸಂತ ಋತುವಿನ ಗಾಳಿಯಲ್ಲಿ ಹಗುರವಾಗಿ ಮುಗಿಯಬೇಕು. ಜಪಾನೀಯರಿಗೆ ಹೂವೆಂದರೆ ಚೆರ್ರಿ. ನಾವು ಯಾವ ಹೂವಾದರೂ ಆದೀತು ಎಂದು ಸಡಿಲಿಸಿಕೊಂಡೆವು.

ವಿಮಾನ ನಿಲ್ದಾಣಕ್ಕೆ ಶಫಿ ತಮ್ಮ ಪಿಕಪ್‌ನಲ್ಲಿ ಬಂದಿದ್ದರು. ಜೊತೆಗೆ ಹೆಂಡತಿ ರುಕಿಯಾ. ಗಾಡಿಯ ತುಂಬ ಕೊತ್ತಂಬರಿ ಬೀಜದ ವಾಸನೆ.

"ಋತು ಬೇಕು ಅಂತೀರಿ. ಇಲ್ಲಿ ಎರಡೇ ಋತು ಮೇಡಂ. ಎಸಿ ಹಾಕುವುದು, ಎಸಿ ಆಫ್ ಮಾಡುವುದು."

"ಆಫ್ ಎಲ್ಲಿ ಮಾಡ್ತಾರೆ ಇವರು?" ಹಿಂದಿನ ಸೀಟಿನಿಂದ ರುಕಿಯಾ ಹೇಳಿದರು. "ಡಿಸೆಂಬರ್‌ನಲ್ಲಿ ಸಹ ಎಸಿ ಹಾಕಿ ಎರಡು ಕಂಬಳಿ ಹೊದ್ದುಕೊಳ್ತಾರೆ."

ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಖತೀಫ್ ಹಳೆಯ ಓಯಸಿಸ್. ಇಲ್ಲಿಯವರಿಗೆ ಹಸಿ ಖರ್ಜೂರದ ತಿಂಗಳು ಬೇರೆ, ಒಣಗಿದ್ದರ ತಿಂಗಳು ಬೇರೆ. ಆಗಸ್ಟ್ ಕೊನೆಗೆ ಸುಹೈಲ್ ಎಂಬ ನಕ್ಷತ್ರ ಕಂಡರೆ ಸೆಕೆಯ ಬೆನ್ನು ಮುರಿಯಿತೆಂದು ಅರ್ಥ. ಬೇಸಗೆಯಲ್ಲಿ ಇಲ್ಲಿಯ ಹೆಂಗಸರು ಮಲ್ಲಿಗೆ ಪೋಣಿಸಿ ಮಾರುತ್ತಾರೆ. ರುಕಿಯಾ ಹೇಳುವ ಪ್ರಕಾರ ಭಟ್ಕಳದ ಹೆಣಿಗೆಯ ಮುಂದೆ ಅದು ಏನೂ ಅಲ್ಲ. ಆದರೂ ಅವರು ಇಲ್ಲಿಯ ಗಿಡವೊಂದನ್ನು ತಂದು ಅಂಗಡಿಯ ಬಾಗಿಲಲ್ಲಿ ಡ್ರಮ್ಮಿನಲ್ಲಿ ನೆಟ್ಟಿದ್ದಾರೆ. ನಾನು ಹೋದಾಗ ಅದರಲ್ಲಿ ಎಲೆ ಮಾತ್ರ ಇತ್ತು. ಒಳಗೆ ಕೌಂಟರಿನ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ. ಏನೂ ಇಡದಿದ್ದರೂ ಅದರ ಕೆಂಪು ಅಂಕಿಗಳು ಆಗಾಗ ತಾವೇ ಬದಲಾಗುತ್ತಿದ್ದವು.

ಮನೆ ಅಂಗಡಿಯ ಮೇಲೆಯೇ. ಊಟಕ್ಕೆ ಕೂತಾಗ ಟೀವಿಯ ಕಡೆ ನನ್ನ ಗಮನ ಹೋಯಿತು. ಅದು ನಿಂತಿದ್ದುದು ಕಸೂತಿ ಬಟ್ಟೆ ಹೊದಿಸಿದ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ. ಬಟ್ಟೆಯ ಅಂಚಿನ ಕೆಳಗೆ ನೈಲಾನ್ ಹಗ್ಗ ಕಾಣುತ್ತಿತ್ತು. ದಪ್ಪ ಮಾರ್ಕರ್‌ನಲ್ಲಿ ಬರೆದ 'ಭಟ್ಕಳ' ಎಂಬ ಅಕ್ಷರಗಳೂ ಕಾಣುತ್ತಿದ್ದವು. ಗಲ್ಫ್‌ನಿಂದ ಹೊರಡುವವರೆಲ್ಲ ಕಟ್ಟುವಂಥ ಪೆಟ್ಟಿಗೆ.

"ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆಸಿ ಇಲ್ಲಿಂದ ಹೊರಡ್ತೇನೆ, ಊರಲ್ಲಿ ಅಂಗಡಿ ಹಾಕ್ತೇನೆ ಅಂತ ಕಟ್ಟಿದ್ದು," ರುಕಿಯಾ ಮೀನಿನ ತಟ್ಟೆ ಇಡುತ್ತ ಹೇಳಿದರು. "ಒಳಗೆ ಎಂತ ಉಂಟು ಅಂತ ಇವರಿಗೇ ಮರೆತಿದೆ."

"ಮರೆತಿಲ್ಲ. ಮಿಕ್ಸಿ ಉಂಟು," ಎಂದರು ಶಫಿ.

ಊಟ ಮುಗಿದ ಮೇಲೆ ಇಸ್ಮಾಯಿಲ್‌ರ ವಿಷಯ ನಾನೇ ಎತ್ತಿದೆ. ಶಫಿಯ ಮುಖದಲ್ಲಿ ನಗು ಉಳಿದಿತ್ತು, ದನಿಯಲ್ಲಿ ಉಳಿದಿರಲಿಲ್ಲ.

"ಅವನು ಮುನಿಸಿಕೊಂಡಿದ್ದಾನೆ. ಯಾಕೆ ಅಂತ ಅಲ್ಲಾಹನಿಗೇ ಗೊತ್ತು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ನಾನ್ಯಾಕೆ ಮಾಡಬೇಕು?"

"ನಿಮ್ಮ ಕೊನೆಯ ಪದ್ಯ ಯಾವುದು?"

"ಆ ವಾರ ವಸಂತನಿಗೆ ಎರಡು ಕಳಿಸಿದೆ. ಒಂದು ಅವನಿಗೆ, ಸರಪಳಿಗೆ. ಇನ್ನೊಂದು ಎಲ್ಲರಿಗೆ, ನಗಲಿಕ್ಕೆ." ನಗಲಿಕ್ಕೆ ಕಳಿಸಿದ್ದನ್ನು ಅವರು ಅಲ್ಲಿಯೇ ಹೇಳಿ ತೋರಿಸಿದರು:

ಈ ಸಲ ಪಕ್ಕಾ!
ಕಟ್ಟಿದ ಪೆಟ್ಟಿಗೆಯೇ
ಟೀವಿಯ ಮೇಜು

ರುಕಿಯಾ ನಕ್ಕರು. ನಾನೂ ನಕ್ಕೆ. ಋತುವಿಲ್ಲ, ಮನುಷ್ಯನಿದ್ದಾನೆ. ಒಳ್ಳೆಯ ಸೆನ್ರಿಯು. ಇನ್ನೊಂದನ್ನು ಹೇಳಿ ಎಂದಾಗ ಶಫಿ ಹೆಂಡತಿಯ ಕಡೆ ನೋಡಿ, ಟೀವಿಯ ಕಡೆ ನೋಡಿ, "ಅದು ಅವನಿಗೆ ಹೇಳಿದ್ದು. ವಸಂತನ ಹತ್ತಿರ ಇರ್ತದೆ, ಅಲ್ಲಿ ಕೇಳಿ," ಎಂದುಬಿಟ್ಟರು.

"ಸರಪಳಿಯನ್ನು ಮೊದಲಿಂದ ಕೇಳಿದ್ದೀರಾ?"

"ವಸಂತ ಕಳಿಸ್ತಾನೆ. ಅಂಗಡಿಯಲ್ಲಿ ಎಲ್ಲಿ ಪುರುಸೊತ್ತು ಮೇಡಂ? ನಾನು ಹೇಳಿದ್ದು ನನಗೆ ಗೊತ್ತುಂಟಲ್ಲ."

ಹೊರಡುವಾಗ ಅವರು ನನ್ನ ಕೈಗೆ ಹಲ್ವಾದ ಒಂದು ಡಬ್ಬ ಕೊಟ್ಟರು. ಅದು ಯಾರಿಗೆಂದು ಹೇಳಲಿಲ್ಲ. ನಾನು ಯಾನ್ಬುವಿಗೂ ಹೋಗುತ್ತೇನೆಂದು ಅವರಿಗೆ ಗೊತ್ತಿತ್ತು.

ರೈಲಿನಲ್ಲಿ

ದಮ್ಮಾಮ್‌ನಿಂದ ರಿಯಾದ್‌ಗೆ ರೈಲು ಹಿಡಿದೆ. ನಮ್ಮ ಕರಾವಳಿಯ ರೈಲಿನಲ್ಲಿ ಕಿಟಕಿಯೊಳಗೆ ಸುರಂಗ, ಸೇತುವೆ, ಹೊಳೆ ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿ ಮರಳು ಬಂತು, ಮತ್ತೆ ಮರಳು ಬಂತು. ಎರಡರ ನಡುವೆ ಬಣ್ಣ ಬದಲಾದದ್ದು ನನಗೆ ಗೊತ್ತಾದದ್ದು ತಡವಾಗಿ. ಹೊಫೂಫ್ ದಾಟಿದ ಮೇಲೆ ಮೂರು ಒಂಟೆಗಳು ಒಂದು ವಿದ್ಯುತ್ ಕಂಬದ ನೆರಳಿನಲ್ಲಿ ಸಾಲಾಗಿ ನಿಂತಿದ್ದವು. ನೆರಳು ಎಷ್ಟು ಉದ್ದವೋ ಸಾಲು ಅಷ್ಟೇ ಉದ್ದ. ಜಪಾನೀಯರಲ್ಲಿ ಪ್ರಯಾಣದ ಗದ್ಯ ಬರೆಯುತ್ತ ನಡುವೆ ಒಂದು ಹಾಯ್ಕು ಇಡುವ ಕ್ರಮವೂ ಇದೆ. ಅದನ್ನು ಹೈಬುನ್ ಎನ್ನುತ್ತಾರೆ. ಗದ್ಯ ಹೇಳಿದ್ದನ್ನೇ ಪದ್ಯ ಹೇಳಬಾರದು ಎಂಬುದು ಅಲ್ಲಿಯ ನಿಯಮ. ಒಂಟೆಗಳ ಬಗ್ಗೆ ಗದ್ಯದಲ್ಲಿ ಹೇಳಿಯಾದ್ದರಿಂದ ನಾನು ಪದ್ಯ ಬರೆಯಲಿಲ್ಲ.

ಪಕ್ಕದಲ್ಲಿ ಒಬ್ಬ ವಯಸ್ಸಾದ ಸೌದಿ ಹೆಂಗಸು ಮಗಳೊಂದಿಗೆ ಕೂತಿದ್ದರು. ಫ್ಲಾಸ್ಕ್ ತೆರೆದು, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿಯ ಕಾಫಿ ಬಗ್ಗಿಸಿ ಮೊದಲು ನನಗೇ ಕೊಟ್ಟರು. ಕುಡಿದೆ. ಮತ್ತೆ ಹಾಕಿದರು. ಬೇಡವೆನ್ನಲು ಸಂಕೋಚವಾಗಿ ಕುಡಿದೆ. ಮತ್ತೆ ಹಾಕಿದರು. ಊರಿನಲ್ಲಿ ನಾವು ಕೈ ಅಡ್ಡ ಹಿಡಿದು 'ಸಾಕು, ಸಾಕು' ಎಂದು ಬೊಬ್ಬೆ ಹಾಕುತ್ತೇವೆ. ಹಾಕುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ನಾನು ಬಾಯಿ ಬಿಟ್ಟು ಬೇಡವೆನ್ನಲಿಲ್ಲ, ಅವರೂ ನಿಲ್ಲಿಸಲಿಲ್ಲ. ಕೊನೆಗೆ ಮಗಳು ನನ್ನ ಅವಸ್ಥೆ ನೋಡಿ, ಬಟ್ಟಲನ್ನು ಬೆರಳುಗಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಿದಳು. ಹಾಗೆ ಮಾಡಿದರೆ ಮುಗಿಯಿತು ಎಂದು ಅರ್ಥ. ಮಾಡಿದೆ. ತಾಯಿ ತಕ್ಷಣ ಫ್ಲಾಸ್ಕ್ ಮುಚ್ಚಿದರು. ಇಬ್ಬರೂ ರಿಯಾದ್ ಬರುವವರೆಗೆ ಅದನ್ನು ನೆನೆದು ನಗುತ್ತಿದ್ದರು.

ಮುಗಿಸಬೇಕಾದವರು ಗುರುತು ಕೊಡದೆ ಸುಮ್ಮನಿದ್ದರೆ ಬಗ್ಗಿಸುವವರು ಏನು ಮಾಡಬೇಕು? ಬಟ್ಟಲು ಕೆಳಗಿಟ್ಟ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಇಸ್ಮಾಯಿಲ್‌ರ ಮೌನ.

ಅಲ್ ಖರ್ಜ್

ರಿಯಾದ್‌ನಿಂದ ದಕ್ಷಿಣಕ್ಕೆ ಬಂದರೆ ಅಲ್ ಖರ್ಜ್. ಮರಳಿನ ನಡುವೆ ದುಂಡಗೆ ಕತ್ತರಿಸಿ ಅಂಟಿಸಿದಂಥ ಹಸಿರು ಹೊಲಗಳು. ಬೇಸಗೆಯಲ್ಲಿ ಹಸುಗಳ ಮೇಲೆ ಮಂಜಿನಂತೆ ನೀರು ಎರಚುವ ಫ್ಯಾನುಗಳು ಈಗ ನಿಂತಿದ್ದವು. ವಸಂತ ಗೇಟಿನ ಹೊರಗೇ ಕಾಯುತ್ತಿದ್ದರು.

"ಬನ್ನಿ ಅಕ್ಕ. ಹಸು ಕಾಂಬುಕೆ ಒಳಗೆ ಬಿಡುದಿಲ್ಲೆ. ಮಜ್ಜಿಗೆ ಬೇಕಾದಷ್ಟು ಕುಡೀಲಕ್ಕು."

ಅವರ ಕಾರಿನಲ್ಲಿ ಕೂತು ಮಜ್ಜಿಗೆಯ ಬಾಟಲಿ ಹಿಡಿದುಕೊಂಡು ಸರಪಳಿಯನ್ನು ಮೊದಲಿಂದ ಕೇಳಿದೆವು. ಮೂರು ದನಿಗಳು ಒಂದರ ಹಿಂದೆ ಒಂದು. ಶಫಿಯ ಹಿಂದೆ ಅಂಗಡಿಯ ಗದ್ದಲ, ಇಸ್ಮಾಯಿಲ್‌ರ ಹಿಂದೆ ಯಂತ್ರದ ಗುಂಯ್ ಸದ್ದು, ವಸಂತರ ಹಿಂದೆ ಏನೂ ಇಲ್ಲ. ಕೆಲವು ಪದ್ಯ 'ಬಾಸ್' ಬಗ್ಗೆ, ಕೆಲವು ಬಿರಿಯಾನಿ ಬಗ್ಗೆ. ನಡುವೆ ಒಂದೆರಡು ಕಡೆ ಮೂವರೂ ತಮಾಷೆ ಬಿಟ್ಟು ಕಂಡದ್ದನ್ನಷ್ಟೇ ಹೇಳಿದ್ದರು. ಮೂವತ್ತನಾಲ್ಕನೆಯದು ಬಂತು. ಇಸ್ಮಾಯಿಲ್‌ರ ದನಿ. ಯಂತ್ರದ ಸದ್ದು ಇರಲಿಲ್ಲ. ಅವರು ಕೆಲಸ ಬಿಟ್ಟು, ಕಂಪೆನಿಯ ಕೋಣೆ ಖಾಲಿ ಮಾಡಿದ ದಿನ ಹೇಳಿದ್ದು:

ಕೋಣೆಯ ಕೀ ಕೊಟ್ಟಾಯ್ತು
ಜೇಬು ತಡಕಿತು ಕೈ

ಅದರ ಬೆನ್ನಿಗೇ ಶಫಿಯ ದನಿ: ಈ ಸಲ ಪಕ್ಕಾ! ಕಟ್ಟಿದ ಪೆಟ್ಟಿಗೆಯೇ ಟೀವಿಯ ಮೇಜು. ಕೊನೆಯಲ್ಲಿ ನಗು ಕೂಡ ಹಾಗೆಯೇ ಉಳಿದಿತ್ತು. ಆಮೇಲೆ ಮೌನ.

ನಾನು ಅದನ್ನು ನಿಲ್ಲಿಸಿದೆ. "ವಸಂತ, ಶಫಿ ಆ ವಾರ ಎರಡು ಕಳಿಸಿದ್ದರಂತೆ. ಇನ್ನೊಂದು ಎಲ್ಲಿ?"

"ಅದಾ? ಅದು ಬದಿಗಿಟ್ಟಿದೆ ಅಕ್ಕ." ಅವರು ಫೋನಿನಲ್ಲಿ ಹುಡುಕಿ ಹಾಕಿದರು. ಅದೇ ಅಂಗಡಿಯ ಸದ್ದು, ಆದರೆ ಶಫಿ ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿದ್ದರು:

ತಕ್ಕಡಿಯಲ್ಲಿ
ಬಿದ್ದ ಮಲ್ಲಿಗೆ ಮೊಗ್ಗು
ತೂಕ ಸೊನ್ನೆಯೇ

"ಸರಪಳಿಗೆ ಇದನ್ನು ಯಾಕೆ ಹಾಕಲಿಲ್ಲ?"

"ಎರಡೂ ಐದು-ಏಳು-ಐದೇ ಅಲ್ದಾ? ಎಣಿಸಿಯೇ ಹಾಕಿದ್ದು." ಏನು ತಪ್ಪಾಯಿತೆಂದು ವಸಂತರಿಗೆ ಇನ್ನೂ ತಿಳಿದಿರಲಿಲ್ಲ. "ಇಸ್ಮಾಯಿಲ್ ಕೋಣೆ ಕೀ ಕೊಟ್ಟದ್ದು ಹೇಳಿದ. ಅದ್ರ ಹಿಂದೆ ಪೆಟ್ಟಿಗೆ ಬಂದ್ರೆ ಸಮ ಹೊಂದತ್ತು ಅಂದ್ಕಂಡೆ. ಹೂವಿನದ್ದು ಒಂಟಿ ಹಾಯ್ಕು ತರ ಇತ್ತು. ಅದನ್ನ ಬೇರೆ ಇಟ್ಟೆ."

"ಮೂವತ್ತೈದನೆಯದು ಹೂವಿನ ಜಾಗ ಎಂದು ಹೇಳಿದ್ದೆನಲ್ಲ."

"ಹೇಳಿದ್ರಿ. ಹೂವಿನ ಜಾಗ ಅಂದ್ರೆ ಪ್ರೀತಿ ಮಾತು ಬರ್ಕು ಅಂತ ತಿಳ್ಕಂಡೆ. ನಮ್ಮ ಮೂವರಲ್ಲಿ ಪ್ರೀತಿ ಅಂದ್ರೆ ಗೇಲಿಯೇ ಅಲ್ದಾ ಅಕ್ಕ?"

ಅವರ ತರ್ಕದಲ್ಲಿ ದೋಷ ಹುಡುಕುವುದು ಸುಲಭವಿರಲಿಲ್ಲ. ಅಳತೆ ಸರಿ, ವಿಷಯದ ಕೊಂಡಿ ಸರಿ. ಆದರೆ ಒಂಟಿಯಾಗಿ ಹೇಳಿದ ಸೆನ್ರಿಯುಗೆ ಗುರಿ ಎಲ್ಲರೂ. ಅದನ್ನೇ ತಂದು ಸರಪಳಿಯಲ್ಲಿ ಕೂರಿಸಿದರೆ ಅದು ಹಿಂದಿನ ಪದ್ಯಕ್ಕೆ ಕೊಟ್ಟ ಉತ್ತರವಾಗುತ್ತದೆ, ಗುರಿ ಒಬ್ಬನೇ. ಕೋಣೆಯ ಕೀಲಿ ಕೊಟ್ಟು ಬರಿಗೈಯಲ್ಲಿ ನಿಂತವನಿಗೆ ಸಿಕ್ಕ ಉತ್ತರ ಇದು: ನೀನೆಲ್ಲಿ ಹೋಗುತ್ತೀ, ನಿನ್ನ ಪೆಟ್ಟಿಗೆ ಟೀವಿ ಇಡಲಿಕ್ಕೆ. ನಾನು ಇಷ್ಟನ್ನು ಹೇಳಿದಾಗ ವಸಂತ ಮಜ್ಜಿಗೆಯ ಬಾಟಲಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಈಗಲೇ ಬದಲಿಸಿ ಎಲ್ಲರಿಗೂ ಕಳಿಸ್ತೆ."

"ಬೇಡ. ಪೆಟ್ಟು ಬಿದ್ದವರನ್ನು ಕೇಳದೆ ತಿದ್ದುಪಡಿ ಹಾಕುವುದಿಲ್ಲ. ಹೂವಿನದ್ದನ್ನು ನನಗೆ ಕಳಿಸಿ. ನಾನು ಯಾನ್ಬುವಿಗೆ ಒಯ್ಯುತ್ತೇನೆ."

"ಶಫಿಗೆ ಮಾತ್ರ ಈಗ ಹೇಳ್ಬೇಡಿ ಅಕ್ಕ. ಅವ ಇಲ್ಲಿಗೇ ಬಂದು ನನ್ನನ್ನ ಹಸು ಜೊತೆ ಕಟ್ಟಿ ಹಾಕ್ತ."

ಯಾನ್ಬು

ರಿಯಾದ್‌ನಿಂದ ವಿಮಾನದಲ್ಲಿ ಯಾನ್ಬು. ಕೆಂಪು ಸಮುದ್ರ ನೀಲಿಯಾಗಿಯೇ ಇತ್ತು. ಒಂದು ಕಡೆ ಸ್ಥಾವರಗಳ ಕೊಳವೆ, ಚಿಮಣಿ. ಇನ್ನೊಂದು ಕಡೆ ಅಗಲವಾದ, ಸದ್ದಿಲ್ಲದ ಬೀದಿಗಳು. ಮಂಗಳೂರಿನಲ್ಲಿ ಇಷ್ಟು ಅಗಲದ ರಸ್ತೆ ಖಾಲಿ ಬಿದ್ದಿದ್ದರೆ ಅಲ್ಲಿ ಬಂದ್ ಇದೆಯೆಂದು ಅರ್ಥ. ಇಲ್ಲಿ ಅದು ಸಾಮಾನ್ಯ ಮಧ್ಯಾಹ್ನ.

ನನ್ನ ಫೋನನ್ನು ಇಸ್ಮಾಯಿಲ್ ಎತ್ತಿದರು. ನನ್ನದು ಸೌದಿಯ ಹೊಸ ನಂಬರಾಗಿದ್ದರಿಂದ ಇರಬಹುದು. ಸಂಜೆ ಸಮುದ್ರದ ಬದಿಯ ಪಾರ್ಕಿನಲ್ಲಿ ಸಿಗುತ್ತೇನೆಂದರು. ಅಲ್ಲಿ ಕಾರ್ಮಿಕರು ಟ್ರೇಗಳಲ್ಲಿ ತಂದ ಹೂವಿನ ಸಸಿಗಳನ್ನು ಹಗ್ಗದ ಗೆರೆ ಹಿಡಿದು ನೆಡುತ್ತಿದ್ದರು. ಚಳಿಗಾಲದ ಕೊನೆಗೆ ಇಲ್ಲಿ ನೆಲವೆಲ್ಲ ಹೂವಾಗುತ್ತದಂತೆ. ಸದ್ಯಕ್ಕೆ ಅರ್ಧ ನೇರಳೆ, ಅರ್ಧ ಮಣ್ಣು.

ಇಸ್ಮಾಯಿಲ್ ಎತ್ತರದ, ತೆಳ್ಳನೆಯ ಮನುಷ್ಯ. ಗಡ್ಡ ಪೂರ್ತಿ ಬಿಳಿ. ಒಂದು ಫ್ಲಾಸ್ಕ್ ಹಿಡಿದುಕೊಂಡು ಬಂದಿದ್ದರು. ಕಾಫಿ ಬಗ್ಗಿಸಿದರು. ನಾನು ಎರಡನೆಯ ಬಟ್ಟಲಿನ ಕೊನೆಗೆ ಅಲ್ಲಾಡಿಸಿದೆ.

"ಕಲಿತಿರಿ ಮಾರಾಯ್ರೆ. ನನಗೆ ಇದು ಕಲೀಲಿಕ್ಕೆ ಒಂದು ವರ್ಷ ಹೋಗಿತ್ತು. ಹೊಟ್ಟೆಯಿಡೀ ಕಾಫಿ."

ಶಫಿಯ ಹಲ್ವಾದ ಡಬ್ಬ ಕೊಟ್ಟೆ. ಅವರು ಅದನ್ನು ಪಕ್ಕದಲ್ಲಿಟ್ಟುಕೊಂಡರು, ತೆರೆಯಲಿಲ್ಲ. ನಾನು ನೇರವಾಗಿ ಕೇಳಿದೆ.

"ಆ ಪೆಟ್ಟಿಗೆಯ ಪದ್ಯ ನಿಮಗೆ ಹೇಳಿದ್ದೆಂದು ಬೇಸರವಾಯಿತೇ?"

"ಎಂತ ಬೇಸರ?" ಅವರು ನಕ್ಕರು. "ಅದು ಅವನ ಪೆಟ್ಟಿಗೆ. ನನ್ನದಲ್ಲ. ಖತೀಫ್‌ನ ರೂಮಿನಲ್ಲಿ ಅದಕ್ಕೆ ಹಗ್ಗ ಕಟ್ಟಿದ್ದೇ ನಾನು. ಇನ್ನು ಬಿಚ್ಚಲಿಕ್ಕೆ ಇಲ್ಲ ಅಂತ ಗಂಟಿನ ಮೇಲೆ ಗಂಟು ಹಾಕಿದ್ದೆ. ಮಾರನೇ ವಾರ ಅದರ ಮೇಲೆ ಟೀವಿ ಬಂದು ಕೂತಿತು. ಅವ ತನ್ನ ಬಗ್ಗೆಯೇ ಹೇಳಿಕೊಂಡದ್ದು, ನನಗೆ ಗೊತ್ತಿಲ್ವಾ?"

ಅಲ್ ಖರ್ಜ್‌ನಿಂದ ಹೊತ್ತು ತಂದಿದ್ದ ನನ್ನ ವಿವರಣೆ ಅಲ್ಲಿಗೆ ಬಿದ್ದುಹೋಯಿತು. ಆ ಪದ್ಯದ ಗೇಲಿ ಅವರನ್ನು ತಾಕಿಯೇ ಇರಲಿಲ್ಲ.

"ಮತ್ತೆ ಯಾಕೆ ಸುಮ್ಮನಾದಿರಿ?"

ಅವರು ಸಸಿ ನೆಡುವವರನ್ನು ನೋಡುತ್ತ ಕೂತರು.

"ನೀವೇ ಹೇಳಿದ್ದಲ್ವಾ ಅಕ್ಕ, ಕೊನೆಯದರ ಹಿಂದಿನದ್ದು ಹೂವಿನದ್ದು ಅಂತ. ಅದು ಶಫಿಯ ಪಾಲಿಗೆ ಬರಬೇಕು ಅಂತ ನಾನು ನಡುವೆ ಒಮ್ಮೆ ನನ್ನ ಸರದಿಯನ್ನು ವಸಂತನಿಗೆ ಬಿಟ್ಟುಕೊಟ್ಟೆ. ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲ. ಎಷ್ಟೋ ವರ್ಷ ಒಂದೇ ಪಾತ್ರೆಯಲ್ಲಿ ಉಂಡಿದ್ದೇವೆ. ಹೋಗುವವನಿಗೆ ಒಂದು ಹೂ ಹೇಳಲಿ ಅಂತ ಇತ್ತು ನನಗೆ. ಬಾಯಿ ಬಿಟ್ಟು ಕೇಳಲಿಕ್ಕೆ ಆಗ್ತದಾ? ಅವ ಟೀವಿ ಹೇಳಿದ. ನಗಾಡಿದ. ನಾನು ಎಂತ ಹೇಳುವುದು ಅದರ ಮೇಲೆ?"

ಆಗ ನಾನು ನಡೆದದ್ದನ್ನು ಹೇಳಿದೆ. ಎರಡು ಪದ್ಯ ಬಂದದ್ದು, ವಸಂತ ಅಳತೆ ನೋಡಿ ಒಂದನ್ನು ಆರಿಸಿದ್ದು, ಹೂವು ಫೋನಿನಲ್ಲಿ ಬೇರೆ ಉಳಿದದ್ದು. ನಾನು ಶಫಿಯ ದನಿ ಹಾಕಿದೆ. ಗಾಳಿ ಇದ್ದುದರಿಂದ ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಮುಗಿದ ಮೇಲೂ ಹಾಗೆಯೇ ಹಿಡಿದಿದ್ದರು.

"ತಕ್ಕಡಿ ಸೊನ್ನೆ ತೋರಿಸಿತಾ?" ಕೊನೆಗೆ ಕೇಳಿದರು. "ಸುಳ್ಳು. ಆ ತಕ್ಕಡಿ ಖಾಲಿ ಇದ್ದರೂ ಹತ್ತು ಗ್ರಾಂ ತೋರಿಸ್ತದೆ ಮಾರಾಯ್ರೆ. ಗಿರಾಕಿಗಳು ಜಗಳಕ್ಕೆ ಬರ್ತಾರೆ."

ಅಷ್ಟು ಹೇಳಿ ಅವರು ಹಲ್ವಾದ ಡಬ್ಬ ತೆರೆದರು.

"ವಸಂತ ಬದಲಿಸಿ ಜೋಡಿಸಲು ಸಿದ್ಧರಿದ್ದಾರೆ," ಎಂದೆ. "ಹೂವು ತನ್ನ ಜಾಗಕ್ಕೆ ಬರುತ್ತದೆ."

"ನಿಮ್ಮ ಪೇಪರಿನಲ್ಲಿ ತಪ್ಪಾದರೆ ನಿನ್ನೆಯ ಪೇಪರನ್ನು ಮನೆಮನೆಯಿಂದ ವಾಪಸ್ ತಂದು ತಿದ್ದುತ್ತೀರಾ?"

"ಇಲ್ಲ. ಮರುದಿನ ತಿದ್ದುಪಡಿ ಹಾಕುತ್ತೇವೆ."

"ಹಾಂ. ಹಾಗೆಯೇ ಇರಲಿ. ಅದು ಅಲ್ಲಿ ಕೂತಾಯಿತು. ಒಳ್ಳೆ ಪದ್ಯವೇ. ಹೂವಿನದ್ದನ್ನು ಮುಂದಿನ ಸರಪಳಿಗೆ ತಲೆಯಲ್ಲಿ ಇಡಲಿಕ್ಕೆ ಹೇಳಿ. ಅದು ಒಂಟಿಯಾಗಿ ನಿಲ್ಲುವಂಥದ್ದು, ವಸಂತ ಹೇಳಿದ್ದು ಅಷ್ಟು ಮಾತ್ರ ಸರಿ."

"ಮುಂದಿನ ಸರಪಳಿ ಇದೆಯೇ?"

"ಮೂಲ್ಕಿಯಲ್ಲಿ ಫೋನ್ ಇಲ್ವಾ ಅಕ್ಕ?"

ಸಸಿ ನೆಡುವವರು ಕೆಲಸ ಮುಗಿಸಿ ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಇಸ್ಮಾಯಿಲ್ ಬೆರಳುಗಳಲ್ಲಿ ಏನನ್ನೋ ಎಣಿಸಿದರು, ಅಳಿಸಿದಂತೆ ಕೈ ಬೀಸಿದರು, ಮತ್ತೆ ಎಣಿಸಿದರು. ಆಮೇಲೆ ತಮ್ಮ ಫೋನ್ ತೆಗೆದು ಎರಡು ಸಾಲು ಹೇಳಿ ಗೆಳೆಯರಿಬ್ಬರಿಗೂ ಕಳಿಸಿದರು. ಹಿಂದಿನ ಪದ್ಯದೊಂದಿಗೆ ಸೇರಿಸಿದರೆ ಅದು ಹೀಗಾಗುತ್ತದೆ:

ಈ ಸಲ ಪಕ್ಕಾ!
ಕಟ್ಟಿದ ಪೆಟ್ಟಿಗೆಯೇ
ಟೀವಿಯ ಮೇಜು
ಟೀವಿ ನೆಲದ ಮೇಲೆ
ಬಾಗಿಲ ಹೊರಗೆ ಹೂ

ಮೊದಲ ಮೂರು ಸಾಲು ಒಂಟಿಯಾಗಿದ್ದಾಗ ಗೇಲಿ. ಎರಡು ಸಾಲು ಬಂದು ಕೂತ ಮೇಲೆ ಅದು ಇಬ್ಬರು ಹೇಳಿದ ತಂಕಾ.

"ಅವ ಆ ಪೆಟ್ಟಿಗೆ ಎತ್ತಿದ ದಿನ ಟೀವಿ ನೆಲಕ್ಕೆ ಬರಬೇಕಲ್ಲ," ಎಂದರು ಇಸ್ಮಾಯಿಲ್. "ಬಾಗಿಲಲ್ಲಿ ರುಕಿಯಾ ನೆಟ್ಟ ಮಲ್ಲಿಗೆ ಹೇಗೂ ಉಂಟು."

ನಾವು ಏಳುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಅವರು ಹೆಸರು ನೋಡಿ, ಹಲ್ವಾ ಹಿಡಿದ ಕೈಯನ್ನು ಒರೆಸಿಕೊಂಡು ಎತ್ತಿದರು. ಆ ಕಡೆಯ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

"ಒಂದು ತಿಂಗಳು! ಎಂತ ಮನುಷ್ಯ ನೀನು! ಬದುಕಿದ್ದೀಯಾ?"

"ನಿನ್ನ ತಕ್ಕಡಿ ರಿಪೇರಿ ಮಾಡಿಸಿದೆಯಾ, ಅದು ಹೇಳು ಮೊದಲು," ಎಂದು ಇಸ್ಮಾಯಿಲ್ ಬೇಲಿಯ ಕಡೆಗೆ ನಡೆದರು. ನಾನು ಫ್ಲಾಸ್ಕ್ ಎತ್ತಿಕೊಂಡು ಹಿಂದೆಯೇ ಉಳಿದೆ.

ಮಂಗಳೂರು

ಇಸ್ಮಾಯಿಲ್ ಮರು ಶುಕ್ರವಾರ ಜಿದ್ದಾದಿಂದ ವಿಮಾನ ಹತ್ತಿದರು. ಹೊರಡುವ ಮುನ್ನ ಮೂವತ್ತಾರು ಪದ್ಯಗಳ ಧ್ವನಿಮುದ್ರಿಕೆ ಅವರಿಗೆ ತಲುಪಿತ್ತು. ಅದರಲ್ಲಿ ಯಾವುದೂ ಬದಲಾಗಿರಲಿಲ್ಲ. ವಸಂತ ಶಫಿಗೆ ನಡೆದದ್ದನ್ನು ತಾವೇ ಹೇಳಿದರು. ಶಫಿ ಅಲ್ ಖರ್ಜ್‌ಗೆ ಹೋಗಲಿಲ್ಲ.

ಹೊಸ ಸರಪಳಿ ಜನವರಿಯಲ್ಲಿ ಶುರುವಾಯಿತು. ತಲೆಪದ್ಯ ಶಫಿಯ ಮಲ್ಲಿಗೆ. ಎರಡನೆಯದನ್ನು ಇಸ್ಮಾಯಿಲ್ ಮೂಲ್ಕಿಯಿಂದ ಕಳಿಸಿದ್ದಾರೆ. ಮೂರನೆಯದು ವಸಂತರ ಸರದಿ. ಅವರು ಒಂದು ವಾರದಿಂದ ಎಣಿಸುತ್ತಿದ್ದಾರೆ.

ಜನವರಿ ಕೊನೆಗೆ ರುಕಿಯಾ ಫೋನ್ ಮಾಡಿದ್ದರು. ಶಫಿ ಪೆಟ್ಟಿಗೆಯನ್ನು ಕಾರ್ಗೋದಲ್ಲಿ ಊರಿಗೆ ಕಳಿಸಿದರು. ಅದು ಭಟ್ಕಳ ತಲುಪಿದೆ. ಹಗ್ಗ ಇನ್ನೂ ಬಿಚ್ಚಿಲ್ಲ. ಶಫಿ ಖತೀಫ್‌ನಲ್ಲೇ ಇದ್ದಾರೆ. ಟೀವಿ ನೆಲದ ಮೇಲಿದೆ.